ತಟ್ಟೆಯ ಅಂಚಿನ ಕೆಂಪು

ಹಾಲು ತಳ ಹಿಡಿದು, ಅದರ ಕಮಟು ಅಡುಗೆಮನೆ ದಾಟಿ ಹಿತ್ತಲಿಗೆ ಬಂದರೂ ಒಲೆಯ ಪಕ್ಕದಲ್ಲೇ ಬೆನ್ನು ಮಾಡಿ ನಿಂತಿದ್ದ ಸುಧಾಮಣಿ ನೆಮ್ಮದಿಯಾಗಿ ಜಡೆ ಹೆಣೆದುಕೊಳ್ಳುತ್ತಿದ್ದಳು. ಹಸುವಿಗೆ ಹುಲ್ಲು ಹಾಕುತ್ತಿದ್ದ ತಾಯಿ ಪುಟ್ಟಸಿದ್ದಮ್ಮ ಕೈಯಲ್ಲಿದ್ದ ಕಂತೆಯನ್ನು ಅಲ್ಲೇ ಎಸೆದು ಓಡಿ ಬಂದಳು.

"ಏನಮ್ಮಿ, ಪಕ್ದಲ್ಲೇ ನಿಂತಿದ್ದೀಯ, ಹಾಲ್ ಸೀಯೋದು ಗೊತ್ತಾಗ್ನಿಲ್ವಾ? ಊರೋರ್ ಕಾಫಿನೆಲ್ಲ ಮೂಸಿ ಇದು ಮೇಲು ಅದು ಕೀಳು ಅನ್ನೋಳು, ಮನೆ ಹಾಲ್ ಸೀದ್ರೆ ಮೂಗ್ನ ಯಾರ್ಗ್ ಕಡ ಕೊಟ್ಟಿದ್ದೆ?"

"ಏನೋ ಯೋಚ್ನೆ ಮಾಡ್ತಿದ್ದೆ ಕಣವ್ವ."

ಜಗಲಿಯಿಂದ ತಂದೆ ಗುರುಮಲ್ಲಯ್ಯನ ದನಿ ಕೇಳಿತು. "ಬುಡಮ್ಮಿ, ಯಾಕ್ ಬಯ್ತೀಯ. ಇವತ್ತು ಮೈಸೂರ್ ಕಂಪ್ನಿಯೋರು ಬತ್ತಾವ್ರಂತೆ, ಇವಳ್ ನಾಲ್ಗೆ ನೋಡಕೆ. ಅದೇ ಗ್ಯಾನ ಮಗೀಗೆ."

ಸುಧಾಮಣಿ ಪಾತ್ರೆ ಇಳಿಸಿದಳು. ತಳದಲ್ಲಿ ಕಂದು ಬಣ್ಣದ ಪದರ ಕಚ್ಚಿಕೊಂಡಿತ್ತು. ಬಗ್ಗಿ ಮೂಸಿದಳು. ಬಿಸಿ ಆವಿ ಮುಖಕ್ಕೆ ತಾಕಿತು, ಅಷ್ಟೇ.

ಆ ಮನೆಯಲ್ಲಿ ಅವಳ ಮೂಗೇ ಮನೆದೇವರಾಗಿ ಕೂತಿತ್ತು. ಡಿಗ್ರಿ ಮುಗಿಸಿ ಗುಂಡ್ಲುಪೇಟೆಯ ಕಾಫಿ ಗೋಡೌನಿನಲ್ಲಿ ರುಚಿ ನೋಡುವ ಕೆಲಸಕ್ಕೆ ಸೇರಿದ ದಿನದಿಂದ ಪುಟ್ಟಸಿದ್ದಮ್ಮ ಒಗ್ಗರಣೆಗೆ ಬೆಳ್ಳುಳ್ಳಿ ಹಾಕುವುದನ್ನು ಬಿಟ್ಟಿದ್ದಳು. ಇಂಗಿನ ಡಬ್ಬಿ ಪಕ್ಕದ ಮನೆ ಸೇರಿತ್ತು. ದೇವರ ಮುಂದೆ ದೀಪ ಮಾತ್ರ, ಊದುಬತ್ತಿ ಇಲ್ಲ. ಮಗಳ ಜಡೆಗೆ ಮಲ್ಲಿಗೆ ಇಲ್ಲ. ಗುರುಮಲ್ಲಯ್ಯನಂತೂ ಮೀಸೆ ಮೂಡುವ ಮೊದಲೇ ಕಲಿತಿದ್ದ ಬೀಡಿಯನ್ನು ಬಿಟ್ಟು, ಈಗ ಹಲ್ಲಿನ ಸಂದಿಯಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ಹರದನಹಳ್ಳಿಯಲ್ಲಿ ಯಾರಾದರೂ ಬೀಡಿ ನೀಡಿದರೆ, "ಬ್ಯಾಡ ಕಣ್ಲಾ, ನಮ್ ಸುಧಾ ಮೂಗ್ಗೆ ಆಗಲ್ಲ" ಎನ್ನುವಾಗ ಅವನ ಮುಖದಲ್ಲಿ ಕಾಣುತ್ತಿದ್ದ ಹೆಮ್ಮೆಯನ್ನು ಕಂಡವರು ಮತ್ತೆ ಬೀಡಿ ನೀಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಜ್ವರ ಬಂದಿತ್ತು. ಬಂದ ಹಾಗೇ ಹೋಯಿತು. ಹೋಗುವಾಗ ಲೋಕದ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ಸ್ನಾನಕ್ಕೆ ಕೂತರೆ ಸೋಪು ಬರೀ ಜಾರುವ ಕಲ್ಲು. ಸಾರು ಬರೀ ಬಿಸಿ, ಬರೀ ಉಪ್ಪು. ಯಾರಿಗೂ ಹೇಳದೆ ಚಾಮರಾಜನಗರದಲ್ಲಿ ಡಾಕ್ಟರಿಗೆ ತೋರಿಸಿದಳು. ಅವರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ತಡ ಆಗುತ್ತೆ. ಗಾಬರಿ ಆಗೋಂಥದ್ದೇನಿಲ್ಲ ಬಿಡಮ್ಮ, ಮೂಗಿಂದೇನು ಅಂಥಾ ಕೆಲಸ ನಿನಗೆ?" ಎಂದು ನಕ್ಕಿದ್ದರು. ಅವಳೂ ನಕ್ಕು ಎದ್ದು ಬಂದಿದ್ದಳು.

ಅಂದು ಹೇಳದೇ ಇದ್ದದ್ದು ಮರುದಿನ ಹೇಳುವುದಕ್ಕೆ ಇನ್ನಷ್ಟು ಕಷ್ಟವಾಯಿತು. ಈಗ ಪುಷ್ಯ ಮಾಸ. ಹೊಸ ಫಸಲು ಬಂದು ಗೋಡೌನು ತುಂಬುತ್ತಿತ್ತು.

ಹಾಲು ಸೀದ ಈ ಬೆಳಿಗ್ಗೆಯೂ ಎಂದಿನಂತೆ ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಬದಿಯಲ್ಲಿ ಅರಿಶಿನ ಬೇಯಿಸುತ್ತಿದ್ದರು. ದೊಡ್ಡ ಕೊಪ್ಪರಿಗೆಗಳಿಂದ ಆವಿ ಏಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು, "ಏನ್ ಗಾಟಪ್ಪ" ಎಂದಳು. ಸುಧಾಮಣಿಯೂ ದುಪ್ಪಟ್ಟಾ ಎತ್ತಿ ಮೂಗಿಗೆ ಹಿಡಿದಳು. ಇದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಜನ ಮೂಗು ಮುಚ್ಚಿದರೆ ಮುಚ್ಚುವುದು, ಜನ ಆಹಾ ಎಂದರೆ ಆಹಾ ಎನ್ನುವುದು.

ಗೋಡೌನು ಊಟಿ ರಸ್ತೆಯಲ್ಲಿ, ಊರಿನಿಂದ ತುಸು ಆಚೆ. ಕೇರಳದ ಗಡಿಯ ಮದ್ದೂರು ಕಡೆಯಿಂದ ಕಾಡು ದಾಟಿ ವಯನಾಡಿನ ಕಾಫಿ ಬರುತ್ತಿತ್ತು, ಬಿಳಿಗಿರಿರಂಗನ ಬೆಟ್ಟದ ಕಡೆಯಿಂದಲೂ ಬರುತ್ತಿತ್ತು. ಬಂದ ಮೂಟೆಯಿಂದ ಮೊದಲು ಮಾದರಿ ತೆಗೆದು ಜರಡಿಗೆ ಹಾಕುವರು. ಮೇಲಿನ ಜರಡಿಯಲ್ಲಿ ನಿಂತ ದಪ್ಪ ಕಾಳು ಮೇಲಿನ ಗ್ರೇಡು, ಕೆಳಕ್ಕೆ ಇಳಿದಂತೆಲ್ಲ ಕೆಳಗಿನ ಗ್ರೇಡು. ಹಣ್ಣಿನೊಳಗೆ ಜೋಡಿಯಿಲ್ಲದೆ ಒಂಟಿಯಾಗಿ, ಗುಂಡಗೆ ಬೆಳೆದ ಕಾಳು ಬೇರೆ. ಆಮೇಲೆ ಸಾಲಾಗಿ ಕೂತ ಹೆಂಗಸರು ಕರಿ ಕಾಳು, ಒಡಕು, ಹುಳುಕು ಆಯುವರು. ಅವರ ಮುಂದಾಳು ಮಲ್ಲಾಜಮ್ಮ. ಅವಳ ಬಾಯಿ ಎಷ್ಟು ಜೋರೋ ಬೆರಳೂ ಅಷ್ಟೇ ಚುರುಕು.

ಇಷ್ಟೆಲ್ಲ ಕಣ್ಣಿನ ಕೆಲಸ. ಇದರಲ್ಲಿ ಸುಧಾಮಣಿ ಇವತ್ತಿಗೂ ಯಾರಿಗೂ ಕಡಿಮೆಯಿರಲಿಲ್ಲ. ಕಷ್ಟವಿದ್ದದ್ದು ಕೊನೆಯ ಬಟ್ಟಲಿನಲ್ಲಿ. ಆಯ್ದ ಕಾಳನ್ನು ಹದವಾಗಿ ಹುರಿದು, ಪುಡಿ ಮಾಡಿ, ಬಿಳಿ ಬಟ್ಟಲಿಗೆ ಹಾಕಿ ಕುದಿನೀರು ಹೊಯ್ಯಬೇಕು. ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಸಬೇಕು, ಸುರ್ರನೆ ಹೀರಿ ಉಗುಳಬೇಕು. ಕಾಳು ಎಷ್ಟೇ ದಪ್ಪವಿರಲಿ, ಎಷ್ಟೇ ಚಂದವಿರಲಿ, ಬಟ್ಟಲು ಒಪ್ಪದಿದ್ದರೆ ಗ್ರೇಡು ಬಿತ್ತೆಂದೇ ಲೆಕ್ಕ. ಅದಕ್ಕೆಂದೇ ಗೋಡೌನಿನ ನಡುವೆ ಒಂದು ಗಾಜಿನ ಕೋಣೆ ಕಟ್ಟಿದ್ದರು. ಹೊರಗಿನ ವಾಸನೆ ನುಸುಳದಂತೆ ಕಿಟಕಿಯ ಸಂದುಗಳಿಗೆಲ್ಲ ಟೇಪು. ಕಾಳು ಆಯುವ ಹೆಂಗಸರು ತಲೆಯೆತ್ತಿದರೆ ಒಳಗೆ ಸುಧಾಮಣಿ, ಮೀನಿನ ತೊಟ್ಟಿಯಲ್ಲಿ ಕಂಡ ಹಾಗೆ.

ಒಳಗೆ ಅವಳ ಜೊತೆಗಿದ್ದವನು ಮಹಾಲಿಂಗ. ಅವಳು ಬರುವ ಮೊದಲು ರುಚಿ ನೋಡುತ್ತಿದ್ದವನು ಅವನೇ. ಎಲೆಯಡಿಕೆ ಹೊಗೆಸೊಪ್ಪಿನ ಚಟ ಬಿಡಲಾರೆ ಎಂದು ತಾನೇ ಹಿಂದೆ ಸರಿದು, ಸಾಹುಕಾರ ಮಲ್ಲಿಕಾರ್ಜುನಸ್ವಾಮಿಯ ಮುಂದೆ ಹಟ ಹಿಡಿದು ಸುಧಾಮಣಿಯನ್ನು ಸೇರಿಸಿಕೊಂಡಿದ್ದ. ಈಗ ಹುರಿಯುವುದು, ನೀರು ಕಾಯಿಸುವುದು, ತಟ್ಟೆ ಜೋಡಿಸುವುದು ಅವನ ಪಾಲಿಗೆ. ಆದರೂ ಹಳೆಯ ರೂಢಿ, ಪ್ರತಿ ಬಟ್ಟಲಿನ ಮೇಲೂ ಒಮ್ಮೆ ಬಗ್ಗಿ ಮೂಸದೆ ಬಿಡುತ್ತಿರಲಿಲ್ಲ.

ಜ್ವರ ಬಿಟ್ಟ ಮೇಲೆ ಸುಧಾಮಣಿ ಹಿಡಿದದ್ದು ಆ ಮುಖವನ್ನು. ಕಾಫಿ ಒಳ್ಳೆಯದಾದರೆ ಮಹಾಲಿಂಗನ ಎಡ ಹುಬ್ಬು ಮೇಲೇರುತ್ತಿತ್ತು. ಮುಗ್ಗಲಾದರೆ ತುಟಿ ಒಂದು ಪಕ್ಕಕ್ಕೆ ಜಾರುತ್ತಿತ್ತು. ಹುಳಿ ಬಂದಿದ್ದರೆ ಸಣ್ಣಗೆ ಕೆಮ್ಮುತ್ತಿದ್ದ. ಅವಳು ಹೀರುವಳು, ಕಣ್ಣಂಚಿನಲ್ಲಿ ಅವನನ್ನು ನೋಡುವಳು, ಗ್ರೇಡು ಹೇಳುವಳು. ಮಲ್ಲಿಕಾರ್ಜುನಸ್ವಾಮಿ ಬಂದ ಬಂದವರ ಮುಂದೆಲ್ಲ, "ನಮ್ ಸುಧಾಮಣಿ ಮೂಗು ಅಂದ್ರೆ ಮೂಗು ಕಣ್ರಿ" ಎನ್ನುವರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದ ಹಾಗಾಗುತ್ತಿತ್ತು.

ಇವತ್ತು ಮೈಸೂರಿನ ಕಂಪನಿಯ ರುಚಿಗಾರ ಶರತ್ ಬರುವವನಿದ್ದ. ಅವಳ ಜೊತೆ ಕೂತು ಅದೇ ಬಟ್ಟಲುಗಳನ್ನು ನೋಡುತ್ತಾನೆ. ಇಬ್ಬರ ಮಾತೂ ಕೂಡಿದರೆ ಈ ವರ್ಷದ ಮಾಲೆಲ್ಲ ಅವರಿಗೇ. ಹೊಟ್ಟೆನೋವೆಂದು ರಜೆ ಕೇಳಿದ್ದಳು. "ಶುಂಠಿ ಕಷಾಯ ಮಾತ್ರ ಕುಡೀಬೇಡಮ್ಮ, ನಾಲಿಗೆ ಕೆಡ್ತದೆ" ಎಂದು ಸಾಹುಕಾರರು ಫೋನಿಟ್ಟಿದ್ದರು.

ಶರತ್ ಬಂದ. ಚಿಕ್ಕ ವಯಸ್ಸು, ಆದರೂ ಸುಧಾಮಣಿಗಿಂತ ಹಿರಿಯ, ಹೆಚ್ಚು ಮಾತಿಲ್ಲ, ಜೇಬಿನಲ್ಲಿ ಸ್ವಂತ ಚಮಚ. ಮೇಜಿನ ಮೇಲೆ ಬಟ್ಟಲುಗಳ ಸಾಲು, ಒಂದೊಂದರ ಮುಂದೂ ಆಯಾ ಮಾಲಿನ ಹಸಿ ಕಾಳು ತುಂಬಿದ ಬಿಳಿ ತಟ್ಟೆ. ಬಾಗಿಲ ಹತ್ತಿರ ಉಡಿಗಾಲದ ವ್ಯಾಪಾರಿ ಶಾಂತರಾಜು ನಿಂತಿದ್ದ. ಮೂರನೆಯ ಬಟ್ಟಲು ಅವನ ಮಾಲಿನದು. ಬೆಟ್ಟದ ಬುಡದ ಸಣ್ಣ ಬೆಳೆಗಾರರ ಹತ್ತಿರ ಕೊಂಡು ಮೂಟೆ ಕಟ್ಟಿ ತಂದಿದ್ದ. ಕಾಳು ದಪ್ಪ, ಒಂದೇ ಸಮ, ಕಲೆಯಿಲ್ಲ. ಜರಡಿಯಲ್ಲಿ ಮೇಲೆ ನಿಂತಿದ್ದು ಅದೇ.

"ಮಹಾಲಿಂಗ ಎಲ್ಲಿ? ಕರೀರಿ" ಎಂದರು ಸಾಹುಕಾರರು.

ಮಹಾಲಿಂಗ ಹೊರಗೆ ಲಾರಿ ತೂಗುವ ವೇಬ್ರಿಜ್ಜಿನ ಹತ್ತಿರ ಕದ್ದು ಎಲೆ ಹಾಕಲು ಕೂತಿದ್ದವನು ಅರ್ಧಕ್ಕೇ ಎದ್ದು ಬಂದ. ಎಲೆಯಡಿಕೆ ಮುಟ್ಟಿ ಆ ಕೋಣೆಗೆ ಕಾಲಿಡಕೂಡದೆಂಬುದು ಸಾಹುಕಾರರು ಹಾಕಿದ ಮೊದಲ ಕಟ್ಟಳೆ. ಅವಸರದಲ್ಲಿ ಬೆರಳು ಒರೆಸಿಕೊಳ್ಳುವುದನ್ನೂ ಮರೆತು ತಟ್ಟೆಗಳಲ್ಲಿ ಕಾಳು ಹರಡುತ್ತಾ ಬಂದ. ಮೂರನೆಯ ತಟ್ಟೆಯ ಅಂಚಿನಲ್ಲಿ ಕೂತಿದ್ದ ದೂಳನ್ನು ತೋರುಬೆರಳಿನಿಂದ ಹಾಗೇ ಸವರಿದ.

ಕುದಿನೀರು ಬಿತ್ತು. ಮಾತು ನಿಂತಿತು. ಎಲ್ಲ ಬಟ್ಟಲು ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು, ಆಮೇಲೆ ಕಿರಿಯರು ಮೊದಲು ಹೇಳಬೇಕು. ಅದು ಮೇಜಿನ ನಿಯಮ.

ಮೊದಲ ಬಟ್ಟಲು. ಮಹಾಲಿಂಗನ ಹುಬ್ಬು ಏರಿತು. ಎರಡನೆಯದು, ತುಟಿ ಜಾರಿತು. ಮೂರನೆಯದಕ್ಕೆ ಬಂದಾಗ ಸುಧಾಮಣಿ ಹೀರಿ ಅವನತ್ತ ನೋಡಿದಳು. ಹುಬ್ಬೂ ಇಲ್ಲ, ತುಟಿಯೂ ಇಲ್ಲ, ಕೆಮ್ಮೂ ಇಲ್ಲ. ಅವನು ಅವಳನ್ನೇ ನೋಡುತ್ತಿದ್ದ. ಬರೀ ನೋಡುತ್ತಿದ್ದ. ಆಚೆ ಶರತ್ ಮೂರನೆಯ ಬಟ್ಟಲನ್ನು ಎರಡು ಸಲ ಹೀರಿದ್ದ. ಯಾಕೆ ಎರಡು ಸಲ?

ತಲೆ ತಗ್ಗಿಸಿದಾಗ ತಟ್ಟೆಯ ಅಂಚು ಕಂಡಿತು. ಬೆರಳು ಸವರಿದ ಜಾಗದಲ್ಲಿ ಕೆಂಪು ಗೀರು. ಎಲೆಯಡಿಕೆಯ ಕೆಂಪೆಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಆದರೆ ಮಹಾಲಿಂಗನ ಬಾಯಿ ಇನ್ನೂ ಕೆಂಪಾಗಿರಲಿಲ್ಲ, ಎಲೆ ಹಾಕುವ ಮೊದಲೇ ಅವನನ್ನು ಕರೆದಿದ್ದರು. ಅವನ ಉಗುರಿನಲ್ಲಿ ಇದ್ದದ್ದು ಬರೀ ಬಿಳಿ ಸುಣ್ಣ. ಉಳಿದ ತಟ್ಟೆಗಳ ಅಂಚಿನಲ್ಲಿ ಅದು ಬೆಳ್ಳಗೇ ಇತ್ತು.

ಬಿಳಿ ಸುಣ್ಣ ಕೆಂಪಾಗಬೇಕಾದರೆ ಏನು ಬೇಕೆಂದು ಹರದನಹಳ್ಳಿಯ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಾಗಿಲ್ಲ. ಹಸೆಮಣೆಯ ಮುಂದೆ, ತೊಟ್ಟಿಲ ಮುಂದೆ, ಊರಿಂದ ಬಂದ ಮಗಳ ಮುಂದೆ ಆರತಿಯ ನೀರು ಕೆಂಪಾಗುವುದೇ ಹಾಗೆ.

ಹೇಳಲೇ ಬೇಡವೇ ಎಂದು ಅವಳು ನಾಲ್ಕನೆಯ ಬಟ್ಟಲು, ಐದನೆಯ ಬಟ್ಟಲು ಸುಮ್ಮನೆ ಹೀರಿ ಉಗುಳಿದಳು. ತಪ್ಪಾಗಿದ್ದರೆ ಇವತ್ತೇ ಎಲ್ಲ ಬಯಲು. ಬಯಲಾದರೆ ಆಗಲಿ ಎನ್ನುವ ಆಸೆಯೊಂದು ಒಳಗೆ ತಣ್ಣಗೆ ಎದ್ದಿತು. ಬಾಗಿಲು ತಾನಾಗಿ ತೆರೆದರೆ ತೆರೆಯಲಿ.

"ಹೇಳಮ್ಮ ಸುಧಾಮಣಿ" ಎಂದರು ಸಾಹುಕಾರರು.

ಮೊದಲೆರಡನ್ನು ಮಹಾಲಿಂಗನ ಮುಖದ ಪ್ರಕಾರ ಹೇಳಿದಳು. ಕೊನೆಯವೆರಡು ಪರವಾಗಿಲ್ಲ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಮೂರನೇದು ಬೇಡ ಸಾರ್. ಅರಿಶಿನ ಹತ್ತಿದೆ" ಎಂದಳು.

ಬಾಗಿಲಲ್ಲಿದ್ದ ಶಾಂತರಾಜು ಒಳಕ್ಕೇ ನುಗ್ಗಿದ. "ಏನ್ ಸಾ ಇದು! ಕಾಫಿ ತಂದೋನ್ಗೆ ಅರಿಶಿಣ ಬಳೀತಾವ್ರಲ್ಲ, ಮದ್ವೆ ಗಿದ್ವೆ ಮಾಡ್ಸೀರಾ ನಂಗೆ?"

ಶರತ್ ಚಮಚ ಕೆಳಗಿಟ್ಟ. "ನನಗೂ ಅದರಲ್ಲಿ ಏನೋ ಮಣ್ಣುಮಣ್ಣು ಅನ್ನಿಸ್ತು. ಏನು ಅಂತ ಹೆಸರು ಹಿಡಿಯೋಕೆ ಆಗ್ಲಿಲ್ಲ. ಅರಿಶಿನ! ಹೌದು, ಅದೇ."

ಮೂಟೆ ತರಿಸಿ ಸುರಿದು, ಗೋಣಿಯನ್ನು ಒಳಮಗ್ಗುಲು ತಿರುಗಿಸಿದರು. ಹೊಲಿಗೆಯ ಉದ್ದಕ್ಕೂ ಹಳದಿ ಕೂತಿತ್ತು. ಹೊರಗೆ ಮಲ್ಲಾಜಮ್ಮನ ಸಾಲಿನ ಹೆಂಗಸರೆಲ್ಲ ಎದ್ದು ನಿಂತಿದ್ದರು.

ಶಾಂತರಾಜು ತಲೆ ಕೆರೆದುಕೊಂಡ. "ವಾದ್ ವರ್ಸ ಅರಿಶಿಣ ತುಂಬಿದ್ ಗೋಣಿ ಕಣ್ ಸಾ. ಕೊಡವಿ, ಬಿಸ್ಲಿಗಾಕಿ ತುಂಬ್ಸಿವ್ನಿ. ಅರಿಶಿಣ ಮಂಗಳದ್ ಪದಾರ್ಥ ಅಲ್ವಾ? ಅದ್ರಿಂದ ಕೆಡ್ತದೆ ಅಂತ ಯಾರ್ ಕಂಡೋರು?"

"ಮುಂದಿನ್ ಸತಿ ಕುಂಕ್ಮಾನೂ ಹಾಕ್ಕೊಂಡ್ ಬಾ, ನಾವೆಲ್ಲ ಸೋಬಾನೆ ಹೇಳ್ತೀವಿ" ಎಂದು ಮಲ್ಲಾಜಮ್ಮ ಹೊರಗಿನಿಂದಲೇ ಕೂಗಿದಳು. ಗೋಡೌನೆಲ್ಲ ನಕ್ಕಿತು. ಶಾಂತರಾಜುವೂ ನಕ್ಕ. ಸಾಹುಕಾರರು ಶರತ್‌ನ ಕೈ ಹಿಡಿದು ಊಟಕ್ಕೆ ಕರೆದೊಯ್ದರು. ನಗು ಹೊರಡದೆ ಉಳಿದವಳು ಸುಧಾಮಣಿಯೊಬ್ಬಳೇ.

ಕೋಣೆಯ ಬಾಗಿಲು ಮುಚ್ಚಿದ ಮೇಲೆ ಮಹಾಲಿಂಗ ಬಟ್ಟಲು ತೊಳೆಯುತ್ತಾ ನಿಂತ. ಅವಳು ಹತ್ತಿರ ಹೋದಳು.

"ಮಹಾಲಿಂಗಣ್ಣ, ಮೂರನೇ ಬಟ್ಟಲಿಗೆ ನೀವ್ಯಾಕೆ ಏನೂ ಮಾಡ್ಲಿಲ್ಲ?"

"ಏನ್ ಮಾಡ್ಬೇಕಿತ್ತವ್ವ?"

"ಹುಬ್ಬು. ಇಲ್ಲ ತುಟಿ. ಅರಿಶಿನ ಅಷ್ಟು ಹತ್ತಿತ್ತಲ್ಲ, ನಿಮಗೆ ವಾಸನೆ ಬರ್ಲಿಲ್ವಾ?"

ಅವನು ನಲ್ಲಿ ನಿಲ್ಲಿಸಿದ. ಗಾಜಿನಾಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣು ಹಾಯಿಸಿ, ದನಿ ಇಳಿಸಿದ. "ನಂಗೆಲ್ ಬಂದಾತವ್ವ. ವಗೆಸೊಪ್ಪು ನನ್ ನಾಲ್ಗೆ ತಿಂದಾಕಿ ಯಾವ್ ಕಾಲ ಆಯ್ತು. ಮೂಗೂ ಅದರ್ ಇಂದೆನೇ ವೋಯ್ತು. ಅದಕ್ಕಲ್ವಾ ಸಾವ್ಕಾರ್ರ ಕಾಲಿಡ್ದು ನಿನ್ನ ಸೇರುಸ್ದುದ್ದು. ನಿನ್ ಮೊಕ ನೋಡ್ಕಂಡು ನಾನ್ ಕಾಲ ಆಕ್ತಾವ್ನಿ. ನಿನ್ ಕಣ್ಣು ಅರಳುದ್ರೆ ನಾನು ಹುಬ್ ಏರುಸ್ತೀನಿ, ನೀನ್ ಮುದುರುದ್ರೆ ನಾನೂ ತುಟಿ ಮುದುರ್ತೀನಿ. ಇವತ್ತು ನಿನ್ ಮೊಕ್ದಲ್ಲಿ ಏನೂ ಕಾಣ್ನಿಲ್ಲ. ನಾನೇನ್ ಮಾಡ್ಲಿ?"

ಸುಧಾಮಣಿ ಗಾಜಿಗೆ ಬೆನ್ನು ಮಾಡಿ ನಿಂತಳು.

"ನೀವು ಹುಬ್ಬು ಏರಿಸಿದ ಮೇಲೆ ನಾನು ಕಣ್ಣು ಅರಳಿಸ್ತಿದ್ದೆ, ಮಹಾಲಿಂಗಣ್ಣ. ದೀಪಾವಳಿ ಆದಾಗಿಂದ ನನಗೂ ಏನೂ ಬರ್ತಿಲ್ಲ."

ಮಹಾಲಿಂಗನ ಕೈಯಲ್ಲಿದ್ದ ಬಟ್ಟಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಷ್ಟು ದಿನ ಈ ಗಾಜಿನ ಕೋಣೆಯಲ್ಲಿ ಕಾಫಿಯನ್ನು ಯಾರೂ ನೋಡಿರಲೇ ಇಲ್ಲ. ಇವಳು ಅವನನ್ನು, ಅವನು ಇವಳನ್ನು. ಮಲ್ಲಾಜಮ್ಮನ ಸಾಲಿನವರ ಬೆರಳು ಚೊಕ್ಕಟವಿದ್ದದ್ದರಿಂದ, ಬಂದ ಮಾಲು ಒಳ್ಳೆಯದಿದ್ದದ್ದರಿಂದ ಹೇಗೋ ನಡೆದಿತ್ತು.

"ಮತ್ತೆ ಅರಿಶಿಣ?" ಎಂದ ಅವನು.

"ನಿಮ್ಮ ಉಗುರಿನ ಸುಣ್ಣ. ತಟ್ಟೆ ಅಂಚು ಕೆಂಪಾಯ್ತು."

ಮಹಾಲಿಂಗ ತೋರುಬೆರಳನ್ನು ಎತ್ತಿ ನೋಡಿಕೊಂಡ, ಸೆರೆ ಸಿಕ್ಕವನಂತೆ ಪಂಚೆಗೆ ಒರೆಸಿದ.

"ನಾನು ಸಾಹುಕಾರರಿಗೆ ಹೇಳ್ಬಿಡ್ತೀನಿ. ಇನ್ನು ಆಗಲ್ಲ ನನಗೆ."

"ಯೋಳು, ನಿನ್ ಇಷ್ಟ. ಆದ್ರೆ ನನ್ ಸುದ್ದಿ ಎತ್ಬ್ಯಾಡ ಕಣವ್ವ. ಎಲೆ ಸುಣ್ಣ ಮುಟ್ಟಿ ಇಲ್ಲಿಗ್ ಬಂದೆ ಅಂದ್ರೆ ಗೇಟ್ನಿಂದ್ ಆಚೆ ಹಾಕ್ತಾರೆ. ಈ ವಯಸ್ನಲ್ಲಿ ನನ್ನ ಯಾರ್ ಕರ್ದಾರು?"

ಸಾಹುಕಾರರು ಊಟ ಮುಗಿಸಿ ಮರಳಿದಾಗ ಮುಖ ಬೆಳಗುತ್ತಿತ್ತು. ಮಾಲು ಪೂರ್ತಿ ಒಪ್ಪಂದವಾಗಿತ್ತು. ಕೋಣೆಯ ಬೀಗದ ಕೈಯನ್ನು ಸುಧಾಮಣಿಯ ಮುಂದೆ ಇಟ್ಟರು. "ಇದಿನ್ನು ನಿನ್ನ ಹತ್ರಾನೇ ಇರಲಿ. ಬೇಸಗೇಲಿ ಬೆಂಗಳೂರಿಗೆ ರುಚಿಗಾರರ ಪರೀಕ್ಷೆಗೆ ಕಳಿಸ್ತೀನಿ. ನಿಮ್ಮಪ್ಪನಿಗೆ ಆಗಲೇ ಫೋನ್ ಮಾಡಿ ಹೇಳ್ದೆ. ಆತ ಅಳ್ತಾನೋ ನಗ್ತಾನೋ ಗೊತ್ತಾಗ್ಲಿಲ್ಲ."

ಹುಲ್ಲುಕಡ್ಡಿ ಕಚ್ಚಿಕೊಂಡ ಬಾಯಿ ಅವಳ ಕಣ್ಣ ಮುಂದೆ ಬಂತು. ಆದರೂ ಹೇಳಿದಳು.

"ಸಾರ್, ನನಗೆ ವಾಸನೆ ಬರಲ್ಲ. ಜ್ವರ ಬಂದು ಹೋದಾಗಿಂದ. ರುಚಿನೂ ಗೊತ್ತಾಗಲ್ಲ."

ಮಲ್ಲಿಕಾರ್ಜುನಸ್ವಾಮಿ ಅವಳನ್ನು ದಿಟ್ಟಿಸಿ, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಮೈಸೂರಿನೋನು ಮಣ್ಣು ಅಂದಿದ್ದನ್ನ ಅರಿಶಿನ ಅಂತ ಹೆಸರಿಟ್ಟು ಹೇಳ್ದೋಳು ನೀನು! ಬೆಂಗಳೂರು ಅಂದ ತಕ್ಷಣ ಹೆದರ್ಕೊಂಡ್ಯಾ?"

"ನಿಜವಾಗ್ಲೂ ಸಾರ್. ಅದು ಮೂಗಿಂದ ಗೊತ್ತಾಗಿದ್ದಲ್ಲ. ತಟ್ಟೆ ಅಂಚಲ್ಲಿ..."

"ಅಂಚಲ್ಲಿ?"

ಅಂಚಲ್ಲಿ ಸುಣ್ಣ. ಯಾರ ಸುಣ್ಣ? ಸಾಹುಕಾರರ ಬೆನ್ನ ಹಿಂದೆ ಮಹಾಲಿಂಗ ಬೆರಳನ್ನು ಪಂಚೆಯೊಳಗೆ ಮಡಚಿಕೊಂಡು ನಿಂತಿದ್ದ. ಸುಣ್ಣವನ್ನು ಹೇಳದೆ ತನ್ನ ಮಾತನ್ನು ನಂಬಿಸುವ ದಾರಿಯಿರಲಿಲ್ಲ, ಹೇಳಿದರೆ ಅವಳಿಗಿಂತ ಮೊದಲು ಗೇಟಿನಾಚೆ ಹೋಗುವವನು ಅವನು.

"ಏನಿಲ್ಲ ಸಾರ್."

"ದೃಷ್ಟಿ ಆಗಿದೆ" ಎಂದು ಸಾಹುಕಾರರು ತೀರ್ಮಾನಿಸಿದರು. "ಏ ಮಲ್ಲಾಜಮ್ಮ, ಬಾ ಇಲ್ಲಿ. ಈ ಹುಡುಗೀಗೆ ಇಷ್ಟು ದೃಷ್ಟಿ ತೆಗಿ."

ಕೇಳಿದ್ದೇ ತಡ, ಮಲ್ಲಾಜಮ್ಮ ಅವಳನ್ನು ಗೋಡೌನಿನ ಬಾಗಿಲಲ್ಲಿ ತಂದು ನಿಲ್ಲಿಸಿದಳು. ಊಟದ ತಟ್ಟೆಯಲ್ಲಿ ನೀರು ತುಂಬಿಸಿ, ಶಾಂತರಾಜುವಿನ ಗೋಣಿಯನ್ನೇ ಕೊಡವಿ ಅರಿಶಿನ ಉದುರಿಸಿ, "ಮಾಲಿಂಗಣ್ಣ, ಚೂರು ಸುಣ್ಣ ಕೊಡಣ್ಣೋ" ಎಂದು ಕೂಗಿದಳು. ಮಹಾಲಿಂಗ ಸಾಹುಕಾರರ ಮುಖ ನೋಡಿದ. "ಹೊರಗಡೆ ತಾನೆ, ಕೊಡು ಕೊಡು" ಎಂದರು ಅವರು. ಸುಣ್ಣ ಬಿದ್ದ ಕೂಡಲೇ ನೀರು ಕೆಂಪಾಯಿತು.

"ಊರ್ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು" ಎನ್ನುತ್ತಾ ಮಲ್ಲಾಜಮ್ಮ ತಟ್ಟೆಯನ್ನು ಸುತ್ತ ಆಡಿಸಿದಳು. "ನೀರು ಹೆಂಗ್ ಕೆಂಪಾಯ್ತು ನೋಡಮ್ಮಿ, ಎಷ್ಟು ದೃಷ್ಟಿ ಬಿದ್ದಿತ್ತು!" ಹಣೆಗೆ ತಂಪು ಬೊಟ್ಟು ತಾಗಿತು. ಅದರ ವಾಸನೆ ಹೇಗಿರಬಹುದೆಂದು ನೆನೆಸಿಕೊಳ್ಳಲು ಅವಳು ಯತ್ನಿಸಿದಳು. ತೊಟ್ಟಿಲು, ಹಸೆ, ಅಜ್ಜಿಯ ಕೈ ಎಲ್ಲ ನೆನಪಿಗೆ ಬಂದವು. ವಾಸನೆ ಮಾತ್ರ ಬರಲಿಲ್ಲ.

ಸಂಜೆಯ ಹೊತ್ತಿಗೆ ಮದ್ದೂರಿನ ಕಡೆಯಿಂದ ಇನ್ನೊಂದು ಲಾರಿ ಬಂದು ನಿಂತಿತು. ಮಾದರಿ ಬಂತು, ಜರಡಿಯಾಯಿತು, ಹುರಿದದ್ದಾಯಿತು. ಸುಧಾಮಣಿ ತನ್ನ ಬೀಗದ ಕೈಯಿಂದಲೇ ಕೋಣೆಯ ಬಾಗಿಲು ತೆಗೆದಳು. ಮಹಾಲಿಂಗ ಕುದಿನೀರು ಹೊಯ್ದ. ಕೆನೆ ಕಟ್ಟಿತು. ಗಾಜಿನಾಚೆ ಸಾಹುಕಾರರು ಕೈಕಟ್ಟಿ ನಿಂತು, ಹೊಸ ಲಾರಿಯವನಿಗೆ ಅವಳನ್ನು ಬೆರಳು ಮಾಡಿ ತೋರಿಸುತ್ತಿದ್ದರು.

ಅವಳು ಕೆನೆ ಒಡೆದಳು, ಬಗ್ಗಿದಳು, ಸುರ್ರನೆ ಹೀರಿದಳು. ಅವನೂ ಬಗ್ಗಿದ. ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ನಡುವೆ ಬಟ್ಟಲಿನಿಂದ ಆವಿ ಏಳುತ್ತಿತ್ತು. ಅವನ ಹುಬ್ಬು ಏರಲೋ ಬೇಡವೋ ಎಂದು ಅವಳ ಕಣ್ಣನ್ನು ಕಾಯುತ್ತಿತ್ತು.

ಗ್ರೇಡು ಕೇಳಲು ಯಾರೋ ಹೊರಗಿನಿಂದ ಗಾಜನ್ನು ಮೆಲ್ಲಗೆ ತಟ್ಟಿದರು.